ಕಲ್ಲೋತಿಗೆ ಕೊಟ್ಟ ಗಡುವು

ಆಗಸ್ಟ್ 17, 1959, ಸೋಮವಾರ. ದಾವಣಗೆರೆ

ಇವತ್ತಿನಿಂದ ನಲವತ್ತೆರಡು ದಿನ ನಾನು ಬಾಯಿ ಬಿಡುವಂತಿಲ್ಲ. ಊಟಕ್ಕೆ ಬಿಡಬಹುದು, ಆಕಳಿಕೆಗೆ ಬಿಡಬಹುದು, ಮಾತಿಗೆ ಮಾತ್ರ ಇಲ್ಲ. ಗಂಟಲ ಡಾಕ್ಟರು ಪುಟ್ಟ ಕನ್ನಡಿ ತೂರಿಸಿ ನೋಡಿದರು. "ದನಿ ಹೊರಡೋ ಜಾಗದಲ್ಲಿ ಎರಡು ಗಂಟು ಎದ್ದಿವೆ ಹಾಲೇಶಪ್ಪ, ರಾಗಿ ಕಾಳಿನಷ್ಟು. ಪಿಸುಮಾತೂ ಕೂಡದು. ಆರು ವಾರ ಸುಮ್ಮನಿದ್ದರೆ ಕರಗಬಹುದು."

"ಕರಗದಿದ್ರೆ?" ಅಂದೆ.

"ನೋಡ್ರಿ, ಆಗಲೇ ಒಂದು ಮಾತಾಡಿದ್ರಿ" ಅಂದರು. ಡಾಕ್ಟರಿಗೆ ಹಾಸ್ಯ ಚೆನ್ನಾಗಿ ಬರುತ್ತದೆ. ಗಂಟಲು ಅವರದಲ್ಲವಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಚೀಲ ಹೊರುವುದಕ್ಕೆ ಈ ಊರಿನ ಮಂಡಿಗೆ ಬಂದವನು ನಾನು. ಒಂದು ದಿನ ಹರಾಜು ಕೂಗುವವನು ಬರಲಿಲ್ಲ. ಹೊತ್ತಿದ್ದ ಚೀಲವನ್ನೇ ಕೆಳಗಿಟ್ಟು ಅದರ ಮೇಲೆ ನಿಂತು ನಾನು ಕೂಗಿದೆ. ಪಕ್ಕದ ಓಣಿಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತಂತೆ. ಅವತ್ತು ಇಳಿಸಿದ ಚೀಲವನ್ನು ಮತ್ತೆ ಹೊತ್ತಿಲ್ಲ. ಸಾಹುಕಾರ ಶಿವಮೂರ್ತಪ್ಪನವರ ಮಂಡಿಯಲ್ಲಿ ಶೇಂಗಾ ಆಗಲಿ, ಹತ್ತಿ ಆಗಲಿ, ನನ್ನ ಗಂಟಲು ದಾಟದೆ ಹೋಗಿಲ್ಲ.

ಸಾಹುಕಾರರು ಬೆನ್ನು ಸವರಿ ಹೇಳಿದರು: "ಅಕ್ಟೋಬರ್ ಐದಕ್ಕೆ ಹೊಸ ಶೇಂಗಾದ ಹರಾಜು. ಅಲ್ಲಿತಂಕ ಅಂಜಿನಪ್ಪ ಕೂಗ್ತಾನೆ. ಅವತ್ತು ನಿನ್ನ ಗಂಟಲು ಸರಿ ಇದ್ರೆ ನೀನು, ಇಲ್ಲಂದ್ರೆ ಅವನೇ ಕಾಯಂ. ಬ್ಯಾಸರ ಮಾಡ್ಕೋಬ್ಯಾಡ." ಮಾಡಿಕೊಂಡೆ, ಆದರೆ ಹೇಳುವಂತಿಲ್ಲ. ನನಗೆ ನಲವತ್ತಾರು. ಈ ವಯಸ್ಸಿಗೆ ಹೆಗಲು ಚೀಲ ತಡೆಯುವುದಿಲ್ಲ. ಗಂಟಲು ಹೋದರೆ ನನ್ನ ಹತ್ತಿರ ಮಾರುವುದಕ್ಕೆ ಬೇರೆ ಸರಕಿಲ್ಲ.

ಮನೆಗೆ ಬಂದರೆ ಹೆಂಡತಿ ಉಮಾಮಹೇಶ್ವರಿ ನನ್ನ ಟ್ರಂಕು ಕಟ್ಟಿಟ್ಟಿದ್ದಳು. "ಇಲ್ಲಿದ್ರೆ ನೀವು ಸುಮ್ಕಿರೋರಲ್ಲ. ಬಾಗಿಲಿಗೆ ಬಂದ ದಾಸಯ್ಯನ್ನೂ ಕುಂದ್ರಿಸ್ಕೊಂಡು ಮಾತಾಡ್ತೀರಿ. ಹರಿಹರಕ್ಕೆ ಅಕ್ಕಾರ ಮನಿಗೆ ಹೋಗ್ರಿ. ಊರ ಹೊರಗೈತೆ, ಕಲ್ಲು ಬಿಟ್ರೆ ಮಾತಾಡಿಸಾಕೆ ಯಾರೂ ಇಲ್ಲ." ಟ್ರಂಕು ಬಹಳ ಅಚ್ಚುಕಟ್ಟಾಗಿತ್ತು. ಇಂಥ ಒಂದು ಔಷಧಿ ಚೀಟಿಗೆ ಅವಳು ವರ್ಷಗಟ್ಟಲೆ ಕಾದಿದ್ದಳೋ ಏನೋ.

ಮಾತು ಒಳಗೇ ಉಳಿದರೆ ಹುಳಿತುಹೋಗುತ್ತದೆಂದು ಈ ನೋಟುಬುಕ್ಕು ತಂದಿದ್ದೇನೆ.

ಆಗಸ್ಟ್ 18, ಹರಿಹರ

ಅಕ್ಕ ಮರುಳಸಿದ್ದಮ್ಮ ರೈಲು ನಿಲ್ದಾಣದಲ್ಲೇ ಶುರು ಮಾಡಿದಳು. ಭಾವ ಹೋಗಿ ನಾಲ್ಕು ವರ್ಷ. ಒಬ್ಬಳೇ ಇದ್ದಾಳೆ, ಎರಡು ಎಮ್ಮೆ ಕಟ್ಟಿದ್ದಾಳೆ. ನಾನು ಪಾಟಿಯ ಮೇಲೆ 'ಆರೋಗ್ಯವೇ?' ಎಂದು ಬಳಪದಲ್ಲಿ ಬರೆದು ತೋರಿಸಿದೆ. "ನಂಗೆಲ್ಲಿ ಓದಾಕೆ ಬರ್ತೈತೋ ಹಾಲೇಶಿ?" ಅಂದಳು. ಮರೆತಿದ್ದೆ. ಪಾಟಿಗೆ ಖರ್ಚು ಮಾಡಿದ್ದು ದಂಡ.

ಮನೆಯ ಹಿಂದೆಯೇ ಕಲ್ಲುಮಟ್ಟಿ. ಗುಡ್ಡ ಅನ್ನುವಷ್ಟು ಎತ್ತರವಿಲ್ಲ, ಬಯಲು ಅನ್ನುವಷ್ಟು ಸಪಾಟೂ ಇಲ್ಲ. ಎಮ್ಮೆ ಗಾತ್ರದ ಬಂಡೆಗಳು, ನಡುನಡುವೆ ಬಂದರಿಕೆ, ಕಾರೆ, ತಂಗಡಿ ಪೊದೆ. ಉಳುವುದಕ್ಕೆ ಬರುವುದಿಲ್ಲ, ಮೇಯಿಸುವುದಕ್ಕೆ ಸಾಲುವುದಿಲ್ಲ. ದೇವರು ಲೆಕ್ಕ ತಪ್ಪಿ ಇಲ್ಲಿ ಇಳಿಸಿಹೋದ ಸರಕು.

ಸಂಜೆ ಅಲ್ಲಿ ಕೂತಿದ್ದಾಗ ಎದುರಿನ ಬಂಡೆಯ ಮೇಲೆ ಒಂದು ಗೇಣುದ್ದದ ಓತಿ ಬಂತು. ಗೇಣಿನಲ್ಲಿ ಮುಕ್ಕಾಲು ಬಾಲವೇ. ಮೈತುಂಬ ಮುಳ್ಳುಮುಳ್ಳು ಹುರುಪೆ, ಕತ್ತಿನ ಮೇಲೆ ಗರಗಸದ ಹಲ್ಲು. ನನ್ನನ್ನು ನೋಡಿ ಮುಂಗಾಲ ಮೇಲೆ ಎದ್ದು ಮೂರು ಸಲ ತಲೆ ಆಡಿಸಿತು. ಅಣಕಿಸುತ್ತಿದೆ ಅನ್ನಿಸಿ ಕಲ್ಲು ತೆಗೆದುಕೊಂಡೆ. ಆಮೇಲೆ, ಬಾಯಿಲ್ಲದವನು ಬಾಯಿಲ್ಲದ್ದಕ್ಕೆ ಹೊಡೆಯುವುದೆಂಥದು ಎಂದು ಕೆಳಗಿಟ್ಟೆ.

ಇಲ್ಲಿಯವರು ಇದಕ್ಕೆ ಕಲ್ಲೋತಿ ಅನ್ನುತ್ತಾರೆ.

ಆಗಸ್ಟ್ 20

ಬೇರೆ ಕೆಲಸವಿಲ್ಲ. ಪುಟಕ್ಕೆ ಗೆರೆ ಹಾಕಿ ನಾಲ್ಕು ಕಲಮು ಮಾಡಿದೆ: ಹೊತ್ತು, ಯಾವ ಬಂಡೆ, ಎಷ್ಟು ಸಲ ತಲೆ, ಷರಾ.

ಬಿಸಿಲೇರುವ ತನಕ ದೊಡ್ಡ ಬಂಡೆಯ ಗಂಡು ಹನ್ನೊಂದು ಸಲ ಎದ್ದು ತಲೆ ಆಡಿಸಿತು. ಆಚೆ ಬಂಡೆಯಲ್ಲಿ ಇನ್ನೊಂದು ಗಂಡಿದೆ, ಬಾಲ ಮೊಂಡು. ಅದು ಒಂಬತ್ತು ಸಲ. ನನ್ನನ್ನಲ್ಲ, ಒಂದನ್ನೊಂದು ಬೆದರಿಸಿಕೊಳ್ಳುತ್ತಿವೆ. ಒಂದೇ ಒಂದು ಸದ್ದಿಲ್ಲ. ಕೊನೆಗೆ ಮೊಂಡ ತಲೆ ತಗ್ಗಿಸಿ ಬಿರುಕಿಗೆ ಇಳಿಯಿತು. ಇಷ್ಟನ್ನೇ ನಮ್ಮ ಮಂಡಿಯಲ್ಲಿ ಇಬ್ಬರು ವ್ಯಾಪಾರಿಗಳು ಮಾಡಿದ್ದರೆ ಎರಡು ಮನೆತನದ ಹೆಸರು ಬೀದಿಗೆ ಬರುತ್ತಿತ್ತು.

ಷರಾ ಕಲಮಿನಲ್ಲಿ ಜಾಗ ಸಾಲುತ್ತಿಲ್ಲ.

ಆಗಸ್ಟ್ 22

ನಿನ್ನೆ ಬೆಳಿಗ್ಗೆ ಒಂದು ಹೆಣ್ಣೋತಿ, ಬೂದಿ ಬಣ್ಣದ್ದು, ಹೊಟ್ಟೆ ಉಬ್ಬಿದ್ದು, ದೊಡ್ಡ ಬಂಡೆಯ ಬುಡದಲ್ಲಿ ಮುಂಗಾಲಿಂದ ಮಣ್ಣು ಕೆದರುವುದಕ್ಕೆ ನಿಂತಿತು. ಕೆದರುವುದು, ದಣಿಯುವುದು, ಮತ್ತೆ ಕೆದರುವುದು. ಮಧ್ಯಾಹ್ನದ ಹೊತ್ತಿಗೆ ಹಿಂಭಾಗ ಗುಂಡಿಯೊಳಗಿಟ್ಟು ಮೊಟ್ಟೆ ಇಟ್ಟಿತು. ಹನ್ನೊಂದು ಎಣಿಸಿದೆ, ತಪ್ಪಿದ್ದರೆ ಒಂದು ಹೆಚ್ಚೇ. ಆಮೇಲೆ ಮಣ್ಣು ಮುಚ್ಚಿ ಮೂತಿಯಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡಿ ಹೊರಟೇ ಹೋಯಿತು. ಹಿಂದಿರುಗಿ ನೋಡಲಿಲ್ಲ. ನಾನು ಮಾತ್ರ ಊಟಕ್ಕೂ ಏಳಲಿಲ್ಲವೆಂದು ಅಕ್ಕ ಮಟ್ಟಿಯ ತನಕ ಬಂದು ಬೈದಳು.

ಇವತ್ತು ಹೋಗಿ ನೋಡಿದರೆ ಅದೇ ಬಂಡೆಯ ಮೇಲೆ ಒಬ್ಬ ಮುದುಕ ಕೆಮ್ಮಣ್ಣಿನಿಂದ ಗೆರೆ ಎಳೆಯುತ್ತಿದ್ದಾನೆ! ಪಕ್ಕದಲ್ಲಿ ಸುತ್ತಿಗೆ, ಉಳಿ, ಕಬ್ಬಿಣದ ಬೆಣೆ.

"ಬರ್ರಿ ಅಣ್ಣಾರೆ, ಸಿದ್ದಮ್ಮಾರ ತಮ್ಮ ಅಲ್ರಾ ನೀವು? ನಾನು ನಬೀ ಸಾಬ್. ಅಕ್ಕಾರಿಗೆ ಹೊಸ ಒರಳು ಬೇಕಂತೆ ಮಹಾನವಮಿಗೆ. ಇಡೀ ಮಟ್ಟೀಲಿ ಒರಳಿಗೆ ಆಗೋದು ಇದೊಂದೇ ಕಲ್ಲು. ನಾಳೆ ಒಡೀತೀನಿ."

ಒಡೆದರೆ ಚಕ್ಕೆಯೆಲ್ಲ ಬುಡಕ್ಕೇ ಬೀಳುವುದು. ಪಾಟಿಯ ಮೇಲೆ ಬರೆದೆ. "ನಂಗೂ ಅದೇ ರೋಗ, ಓದು ಬರಲ್ಲ" ಎಂದು ನಕ್ಕ. ಮಣ್ಣು ತೋರಿಸಿದೆ, ಬೆರಳಿಂದ ಮೊಟ್ಟೆಯ ಆಕಾರ ಮಾಡಿದೆ, ತಲೆ ಆಡಿಸಿ ಓತಿಯಾದೆ. ಸಾಬ್ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಅಲ್ರೀ, ಗಂಟಲು ಮಾತ್ರ ಹೋಗೈತೆ ಅಂದಿದ್ರು ಅಕ್ಕಾರು!"

ಕೊನೆಗೆ ಅರ್ಥವಾಯಿತು. "ಓತಿ ತತ್ತಿ? ಅದಕ್ಕೆ ನಾನು ಕೆಲಸ ನಿಲ್ಲಿಸಬೇಕಾ? ಎಷ್ಟು ದಿನ?"

ನಾನು ಸೂರ್ಯನನ್ನು ತೋರಿಸಿ, ಕೈಯನ್ನು ಮೂಡಲಿಂದ ಪಡುವಲಿಗೆ ಒಮ್ಮೆ ಎಳೆದೆ. ಒಂದು ಬೆರಳಿಗೆ ಒಂದು ದಿನ. ಆಮೇಲೆ ಹೆಗಲಿನ ಟವೆಲ್ ತೆಗೆದು ಚಾಚಿದೆ. ದನದ ಸಂತೆ ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ಜೋಡೆತ್ತು ಮಾರುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಇಲ್ಲಿ ಸುತ್ತ ಇದ್ದದ್ದು ಮೊಂಡಬಾಲದ ಓತಿ ಒಂದೇ, ಆದರೂ ಪದ್ಧತಿ ಪದ್ಧತಿಯೇ. ಸಾಬ್‌ನ ಕಣ್ಣು ಹೊಳೆಯಿತು. ಸುತ್ತಿಗೆ ಕೆಳಗಿಟ್ಟು ಟವೆಲ್ ಒಳಗೆ ಕೈ ತೂರಿಸಿದ.

ನಾನು ಅವನ ಐದೂ ಬೆರಳು ಹಿಡಿದು ಹತ್ತು ಸಲ ಒತ್ತಿದೆ.

"ಐವತ್ತು? ಏನ್ರೀ, ಓತಿ ತತ್ತಿನಾ, ನವಿಲು ತತ್ತಿನಾ?" ಅವನು ಎರಡು ಸಲ ಒತ್ತಿದ. ಹತ್ತು.

ನಾನು ಕೈ ಎಳೆದುಕೊಂಡೆ. ಅವನು ಮತ್ತೆ ಹಿಡಿದ. ನಾಲ್ಕು ಸಲ. ನಾನು ಒಂಬತ್ತು. "ಅಕ್ಕಾರು ನನ್ನ ಗಡ್ಡ ಕಿತ್ತು ಒರಳಿಗೆ ಹಾಕ್ತಾರೆ ಅಣ್ಣಾರೆ!" ಆರು ಸಲ. ಬೆವರಿಗೆ ಟವೆಲ್ ಒದ್ದೆಯಾಯಿತು. ನಾನು ಎಂಟು ಸಲ ಒತ್ತಿ, ಇನ್ನು ಸರಿಯುವುದಿಲ್ಲ ಅನ್ನುವುದಕ್ಕೆ ಗಟ್ಟಿಯಾಗಿ ಹಿಡಿದುಕೊಂಡೆ. ಸಾಬ್ ಆಕಾಶ ನೋಡಿದ. "ನಲವತ್ತು. ನಮ್ಮಜ್ಜನೂ ಹಂಗೇ ಅಂತಿದ್ದ, ಓತಿ ತತ್ತಿಗೆ ನಲವತ್ತು ದಿನ ಅಂತ. ಹೋಗ್ಲಿ, ಆಯ್ತು. ಅಕ್ಟೋಬರ್ ಒಂದಕ್ಕೆ ಒಡೀತೀನಿ. ಆಮೇಲೆ ಒಂದು ದಿನ ಕೇಳಿದ್ರೂ ಇಲ್ಲ."

ಅಕ್ಕನಿಗೆ ಹೋಗಿ ಹೇಳಿದನಂತೆ, ಕಲ್ಲು ಮಳೆ ನೀರು ಕುಡಿದಿದೆ, ಒಣಗದೆ ಒಡೆದರೆ ಒರಳು ಸೀಳುತ್ತದೆ ಎಂದು. ಸುಳ್ಳು ಹೇಳುವ ಕಲೆ ಮಂಡಿಯವರದೇ ಎಂದುಕೊಂಡಿದ್ದೆ.

ಆಗಸ್ಟ್ 30

ಬೇಸರ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಕರಗದಿದ್ದರೆ? ಲೆಕ್ಕ ಬರೆಯಲಿಲ್ಲ.

ಸೆಪ್ಟೆಂಬರ್ 6

ಇವತ್ತು ಕೂಗಿಬಿಡುತ್ತಿದ್ದೆ.

ಹತ್ತು ಗಂಟೆ ಸುಮಾರಿಗೆ ಮೊಳಕ್ಕೂ ಹೆಚ್ಚಿನ ಉಡ ಒಂದು ನಾಲಿಗೆ ಚಾಚುತ್ತ ಬಂತು. ನೇರ ದೊಡ್ಡ ಬಂಡೆಯ ಬುಡಕ್ಕೆ. ಮೂಸಿತು, ಉಗುರು ಹಾಕಿತು. ನಾನು ಇಪ್ಪತ್ತು ಮಾರು ದೂರದಲ್ಲಿದ್ದೆ. ಬಾಯಿ ತೆರೆದೇ ಹೋಗಿತ್ತು. ಮಂಡಿಯ ಕೂಗು ಒಂದು ಹಾಕಿದ್ದರೆ ಆ ಉಡ ತುಂಗಭದ್ರೆ ದಾಟಿ ನಿಲ್ಲುತ್ತಿತ್ತು. ಆದರೆ ಇಪ್ಪತ್ತು ದಿನದ ಪಥ್ಯ ಅಲ್ಲಿಗೇ ಮಣ್ಣಾಗುತ್ತಿತ್ತು. ಬಾಯಿಗೆ ಟವೆಲ್ ತುರುಕಿಕೊಂಡು ಓಡಿದೆ. ಬಲಗಾಲ ಚಪ್ಪಲಿ ಎಸೆದೆ, ತಪ್ಪಿತು. ಎಡಗಾಲದು ಬೆನ್ನಿಗೇ ಬಿತ್ತು. ಉಡ ಬುಸುಗುಟ್ಟಿ ಚಪ್ಪಲಿ ಒಮ್ಮೆ ಕಚ್ಚಿ ನೋಡಿ, ರುಚಿ ಹಿಡಿಸದೆ ಹೋಯಿತು.

ಸಾಬ್ ಆಚೆ ರುಬ್ಬುಗುಂಡು ಕೆತ್ತುತ್ತ ಎಲ್ಲ ನೋಡಿದ್ದಾನೆ. ಬಂದು ಏನೂ ಕೇಳಲಿಲ್ಲ. ಕಾರೆಮುಳ್ಳು ಕಡಿದು ತಂದು ನನ್ನ ಜೊತೆ ಬುಡದ ಸುತ್ತ ಹೊದಿಸಿದ. "ಖುರ್ಷೀದಾ ಹುಟ್ಟಿದಾಗ ನಾನೂ ಹಿಂಗೇ ಬಾಗಿಲಾಗೆ ಕುಂತಿದ್ದೆ" ಅಂದ. ಖುರ್ಷೀದಾ ಅವನ ಮಗಳು. ಆಮೇಲೆ ಅವಳ ವಿಷಯ ಒಂದು ಗಂಟೆ ಹೇಳಿದ. ಮಾತುಗಾರ ಮನುಷ್ಯ.

ಸೆಪ್ಟೆಂಬರ್ 13

ಅಂಜಿನಪ್ಪ ಬಂದಿದ್ದ! ಒಂದು ಡಜನ್ ಬಾಳೆಹಣ್ಣು ಹಿಡಿದು, ಹೊಸ ರುಮಾಲು ಸುತ್ತಿಕೊಂಡು. ಆರೋಗ್ಯ ವಿಚಾರಿಸುವುದಕ್ಕಲ್ಲ, ಮಾತಾಡಿಸಿ ಕೆಡಿಸುವುದಕ್ಕೆ. ಮಟ್ಟಿಗೇ ಬಂದು ಎದುರಿನ ಕಲ್ಲಿನ ಮೇಲೆ ಕೂತ.

"ಹೆಂಗದೀಯ ಹಾಲೇಶಣ್ಣ? ಒಂದು ಮಾತಾಡು ನೋಡೋಣ, ಮೆತ್ತಗೆ. ಇಲ್ಲಿ ಡಾಕ್ಟ್ರೇನು ಕೇಳಿಸ್ಕೊಳ್ತಾರಾ?"

ನಾನು ಅವನನ್ನು ನೋಡಿದೆ. ಬಂಡೆಯ ಮೇಲಿನ ಗಂಡೋತಿ ಇದೆಯಲ್ಲ, ಅದು ಕಣ್ಣು ಮಿಟುಕಿಸದೆ ಕಾಲು ಗಂಟೆ ಕೂರುತ್ತದೆ. ಎದುರಿನದೇ ಮೊದಲು ಅಲುಗಬೇಕು. ಹಾಗೆ ಕೂತೆ, ಬೇರೆ ದಾರಿಯೂ ಇರಲಿಲ್ಲ.

"ನನ್ನ ಕೂಗು ರೈಲ್ವೆ ಗೇಟಿನ ತಂಕ ಕೇಳ್ತೈತಂತೆ ಗೊತ್ತಾ?"

ನೋಡಿದೆ.

"ಸಾಹುಕಾರ್ರು ಭಾಳ ಖುಷಿಯಾಗದಾರೆ."

ನೋಡಿದೆ.

"ಅಂದ್ರೆ... ಖುಷಿ ಅಂದ್ರೆ ಹಂಗೇನಲ್ಲ. ಮೊನ್ನೆ ಒಂದು ಮಾತಂದ್ರು, ರಾಶಿ ಅಗ್ಗಕ್ಕೆ ಹೋಗಾಕತ್ಯಾವೆ ಅಂತ." ಹಣ್ಣು ಒಂದು ಸುಲಿದು ತಾನೇ ತಿಂದ. "ನಾನೇನು ಮಾಡ್ಲಿ? ಕೂಗ್ತೀನಿ, ಕೂಗ್ತೀನಿ, ಅವರ ಪಾಡಿಗೆ ಅವರು ಬೀಡಿ ಸೇದ್ತಾ ಮಾತಾಡ್ತಿರ್ತಾರೆ. ನಂಗೆ ರಾತ್ರಿ ನಿದ್ದೆ ಬರಲ್ಲ ಹಾಲೇಶಣ್ಣ. ಮಗಳ ಲಗ್ನ ಗೊತ್ತು ಮಾಡೀನಿ, ಕಾಯಂ ಆಗ್ತದೆ ಅಂತ ಬೀಗರಿಗೆ ಹೇಳೀನಿ..."

ಎಲ್ಲ ಹೇಳಿಕೊಂಡ. ಹೋಗುವಾಗ ಕಣ್ಣು ಒರೆಸಿಕೊಂಡು, "ನಿನ್ನ ಹತ್ರ ಮಾತಾಡಿ ಸಮಾಧಾನ ಆತು ನೋಡು" ಅಂದ. ಬಾಯಿ ಸ್ವಲ್ಪವೂ ನಿಲ್ಲುವುದಿಲ್ಲ ಪಾಪ. ಐದು ಹಣ್ಣು ತಾನೇ ತಿಂದಿದ್ದಾನೆ. ಉಳಿದದ್ದು ಏಳು.

ಸೆಪ್ಟೆಂಬರ್ 21

ಅಕ್ಕ ಈಚೆಗೆ ಒಳ್ಳೊಳ್ಳೆಯ ವಿಷಯ ಹೇಳುತ್ತಾಳೆ. ಭಾವ ಬದುಕಿದ್ದಾಗ ಅವಳಿಗೆ ಈಜು ಕಲಿಸಿದ್ದನಂತೆ, ಹೊಳೆಯಲ್ಲಿ, ಯಾರೂ ಏಳುವ ಮುಂಚೆ. ಮದುವೆಯಾದ ಹೊಸತರಲ್ಲಿ. ನಾನು ಬಿದ್ದು ಬಿದ್ದು ನಕ್ಕೆ, ಸದ್ದಿಲ್ಲದೆ. ಅವಳೂ ನಕ್ಕಳು. ಇಷ್ಟು ವರ್ಷ ಹಬ್ಬಕ್ಕೆ ಹುಣ್ಣಿಮೆಗೆ ಬಂದುಹೋಗಿದ್ದೇನೆ, ಒಂದು ದಿನವಾದರೂ ಇದನ್ನು ಹೇಳಿದವಳಲ್ಲ. ವಯಸ್ಸಾದ ಹಾಗೆ ಮಾತು ಹೆಚ್ಚುತ್ತದೇನೋ.

ಮೊಂಡ ಇವತ್ತು ದೊಡ್ಡ ಬಂಡೆಯ ಅಂಚಿನ ತನಕ ಬಂದು ಹೋಯಿತು. ಬರುವ ಮುಂಚೆ ಗದ್ದ ಒಮ್ಮೆ ಸಣ್ಣಗೆ ಮೇಲಕ್ಕೆ ಹೋಗುತ್ತದೆ. ಮೊದಮೊದಲು ಕಂಡಿರಲಿಲ್ಲ.

ಸೆಪ್ಟೆಂಬರ್ 28, ದಾವಣಗೆರೆಗೆ ಹೋಗಿ ಬಂದು

ಆರು ವಾರ ಮುಗಿಯಿತು. ಡಾಕ್ಟರು ಕನ್ನಡಿ ಹಾಕಿ ನೋಡಿ, "ಗಂಟು ಹೋಗಿವೆ. ಹೆಸರು ಹೇಳಿ" ಅಂದರು.

ಹೇಳಿದೆ. ಯಾರೋ ಗೋಡೆಯ ಆಚೆಯಿಂದ ಹೇಳಿದ ಹಾಗಿತ್ತು. ತೆಳ್ಳಗೆ, ಗೊಗ್ಗರಾಗಿ.

"ಇಷ್ಟೇ ಬರೋದು. ಮಾತಾಡಬಹುದು, ಹಾಡಬೇಡಿ. ಕೂಗೋದಂತೂ ಈ ಜನ್ಮಕ್ಕೆ ಇಲ್ಲ. ಕೂಗಿದರೆ ಇದೂ ಹೋಗುತ್ತೆ."

ಏಳು ದಿನಕ್ಕೆ ಹರಾಜು. ಕೂಗುವ ಕೆಲಸದವನಿಗೆ ಕೂಗಬೇಡ ಅಂದರೆ ಮಿಕ್ಕಿದ್ದೇನು? ಉಮಾಮಹೇಶ್ವರಿಗೆ ಹೇಳಿದೆ. ಅವಳು, "ದನಿ ಚೆನ್ನಾಗೈತೆ. ಹತ್ರ ಕುಂತು ಮಾತಾಡಿದಂಗೈತೆ" ಅಂದಳು. ಹೆಂಡತಿಯ ಕಿವಿಗೆ ಸರಿ, ಹರಾಜಿಗೆ ಬರುವ ಎಂಟು ಮಿಲ್ಲಿನ ಏಜೆಂಟರಿಗೆ ಸಾಲಬೇಕಲ್ಲ.

ಅಲ್ಲೇ ಉಳಿಯಬಹುದಿತ್ತು. ಆದರೆ ಹರಿಹರದ ಗಾಳಿ ಗಂಟಲಿಗೆ ಒಳ್ಳೆಯದು. ಸಂಜೆ ಗಾಡಿಗೆ ವಾಪಸು ಬಂದೆ.

ಸೆಪ್ಟೆಂಬರ್ 30

ಬಂದವು!

ಬೆಳಿಗ್ಗೆ ಎಂಟೂವರೆಗೆ ಮಣ್ಣು ಅಲುಗಿತು. ಮೊದಲು ಒಂದು ಮೂತಿ, ಕಡಲೆ ಕಾಳಿನಷ್ಟು. ಆಮೇಲೆ ಇಡೀ ಮರಿ, ಬೆಂಕಿಕಡ್ಡಿಗಿಂತ ಸ್ವಲ್ಪ ಉದ್ದ, ಬೆನ್ನಿಗೆ ಆಗಲೇ ಮುಳ್ಳಿನ ಗುರುತು. ಹೊರಗೆ ಬಂದು, ಲೋಕ ನೋಡಿ, ಮುಂಗಾಲ ಮೇಲೆ ಎದ್ದು ತಲೆ ಆಡಿಸಿತು. ಯಾರಿಗೆ? ಯಾರೂ ಇಲ್ಲ. ಹುಟ್ಟಿದ ಕೂಡಲೇ ತನ್ನದೊಂದು ಬಂಡೆ ಬೇಕು ಅದಕ್ಕೆ. ಮಧ್ಯಾಹ್ನದ ತನಕ ಹತ್ತು ಬಂದವು. ಕೊನೆಯದು ಮಣ್ಣಿನಲ್ಲಿ ಸಿಕ್ಕಿಕೊಂಡು ಒದ್ದಾಡಿತು. ಕೈ ಹಾಕಲೋ ಬೇಡವೋ ಎಂದು ನಾನೂ ಸಾಬ್‌ನೂ ಕಣ್ಣಲ್ಲೇ ಕೇಳಿಕೊಂಡೆವು. ಬೇಡ ಅಂದಿತು ಅವನ ಹುಬ್ಬು. ನಾಲ್ಕು ಗಂಟೆಗೆ ಅದೂ ಹೊರಬಂತು. ಹನ್ನೊಂದು. ನನ್ನ ಎಣಿಕೆ ತಪ್ಪಿರಲಿಲ್ಲ.

ಇಳಿದು ಬಂದಾಗ ಅಕ್ಕ ಕೇಳಿದಳು: "ಡಾಕ್ಟ್ರು ಮಾತಾಡು ಅಂದಾರಲ್ಲೋ, ಬೆಳಿಗ್ಗಿಂದ ಯಾಕ ಒಂದು ಮಾತೂ ಆಡ್ಲಿಲ್ಲ?"

ಅಷ್ಟು ಹೊತ್ತಾಗಿದ್ದು ಗೊತ್ತಾಗಿರಲಿಲ್ಲ.

ಅಕ್ಟೋಬರ್ 1

ಸಾಬ್ ಕೊಟ್ಟ ಮಾತಿನಂತೆ ಬೆಣೆ ಇಟ್ಟ. ಹದಿನಾಲ್ಕು ಏಟಿಗೆ ಬಂಡೆ ರೊಟ್ಟಿ ಮುರಿದ ಹಾಗೆ ಒಡೆಯಿತು. ಮರಿಗಳು ನಿನ್ನೆಯೇ ಬಂದರಿಕೆ ಸಾಲಿಗೆ ಸೇರಿಕೊಂಡಿವೆ. ದೊಡ್ಡ ಗಂಡು ಆಚೆ ಬಂಡೆಗೆ ಹೋಗಿ ಮೊಂಡನ ಎದುರು ಎದ್ದು ನಿಂತಿದೆ. ಇನ್ನು ಅದು ಅವರಿಬ್ಬರ ವ್ಯವಹಾರ. ಅಕ್ಕ ಒರಳಿನ ಕಲ್ಲು ತಟ್ಟಿ ನೋಡಿ, "ಚಲೋ ಒಣಗೈತೆ" ಅಂದಳು.

ಅಕ್ಟೋಬರ್ 5, ಸೋಮವಾರ. ದಾವಣಗೆರೆ

ಹೊಸ ಶೇಂಗಾದ ಹರಾಜು. ಸಾಹುಕಾರರು ನನ್ನ ದನಿ ಕೇಳಿ ಮುಖ ಸಣ್ಣ ಮಾಡಿದರು. "ಮಾತು ಕೊಟ್ಟೀನಿ. ಮೊದಲ ರಾಶಿ ಅಂಜಿನಪ್ಪ, ಎರಡನೇದು ನೀನು. ಆಮೇಲೆ ನೋಡೋಣ."

ಅಂಜಿನಪ್ಪ ನಿಜಕ್ಕೂ ಚೆನ್ನಾಗಿ ಕೂಗಿದ. ಕೆಳಗೆ ಏಜೆಂಟರು ಎಂದಿನಂತೆ ಗದ್ದಲ ಮಾಡುತ್ತಿದ್ದರು. ರಾಶಿ ಹೋದ ವರ್ಷದ ದರಕ್ಕೂ ಹೋಗಲಿಲ್ಲ.

ಎರಡನೆಯದು ಆವರಗೆರೆಯ ರಂಗವ್ವನದು. ಬಡಕಲು ಹೆಂಗಸು, ರಾಶಿಯ ಪಕ್ಕ ಸೆರಗು ಹಿಡಿದು ನಿಂತಿದ್ದಳು. ನಾನು ಚೀಲದ ಮೇಲೆ ಹತ್ತಿದೆ. ಕೂಗುವಂತಿಲ್ಲ. ಗದ್ದಲದಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ. ಸುಮ್ಮನೆ ನಿಂತೆ. ಒಬ್ಬೊಬ್ಬರ ಮುಖ ನೋಡುತ್ತ ನಿಂತೆ.

"ಯಾಕ್ಲಾ ಇವನು ಮಾತಾಡ್ತಿಲ್ಲ?"

"ಗಂಟಲು ಹೋಗೈತಂತೆ."

"ತಡಿ, ಏನೋ ಹೇಳ್ತಾನೆ."

ಹಿಂದಿನವರು ಮುಂದಿನವರಿಗೆ ಸುಮ್ಮನಿರಿ ಅಂದರು. ಅಂಗಳ ಮೆಲ್ಲಗೆ ತಣ್ಣಗಾಯಿತು. ಆಗ ಒಂದು ಕಾಯಿ ಒಡೆದು ಕಾಳು ಅಂಗೈಯಲ್ಲಿ ತೋರಿಸಿ ಹೇಳಿದೆ, "ರಂಗವ್ವನ ಶೇಂಗಾ. ನೋಡ್ರಿ, ಆಮೇಲೆ ಹೇಳ್ರಿ." ಎಲ್ಲರೂ ಹತ್ತಿರ ಸರಿದರು. ಕೇಳಬೇಕಲ್ಲ.

ದರ ಏರಲು ಶುರುವಾಯಿತು. ನಾಲ್ಕನೆಯ ಸಲಕ್ಕೆ ನಿಂತಿತು. ಯಾಕೆ ನಿಂತಿತು? ಹಸಿರು ರುಮಾಲಿನ ಏಜೆಂಟನ ಗದ್ದ ಕಡಲೆಯಷ್ಟು ಮೇಲೆ ಹೋದದ್ದು ಕಂಡೆ. ದರ ಏರಿಸುತ್ತಿದ್ದ ಮಿಕ್ಕ ಮೂವರು ಕೂಡಲೇ ಬಾಯಿ ಮುಚ್ಚಿದರು. ಮತ್ತೆ ದರ ಕೇಳಿದೆ, ಆಗಲೂ ಹಾಗೆಯೇ. ನಾನು ಚೀಲದಿಂದ ಇಳಿದು, ಕಾಳು ತೋರಿಸುವ ನೆಪದಲ್ಲಿ ಹಸಿರು ರುಮಾಲಿಗೂ ಆ ಮೂವರಿಗೂ ನಡುವೆ ಹೋಗಿ ನಿಂತೆ. ನನ್ನ ಬೆನ್ನು ಅಗಲವೇ ಇದೆ, ಚೀಲ ಹೊತ್ತ ಬೆನ್ನು. ಅವರು ಆ ಕಡೆ ಬಗ್ಗಿದರೆ ನಾನೂ ಆ ಕಡೆ. ಗದ್ದ ಕಾಣದೆ ಒಬ್ಬ ತಡೆಯಲಾರದೆ ಏರಿಸಿದ. ಅವನು ಒಳಒಪ್ಪಂದ ಬಿಟ್ಟನೆಂದು ಇನ್ನೊಬ್ಬ. ಆಮೇಲೆ ನಾನು ಹೇಳುವುದೇ ಬೇಕಾಗಲಿಲ್ಲ, ಅವರವರೇ ಹೊಡೆದಾಡಿಕೊಂಡರು.

ರಂಗವ್ವ ದರ ಕೇಳಿ ರಾಶಿಯ ಮೇಲೇ ಕೂತುಬಿಟ್ಟಳು. "ಇಷ್ಟು ಸಣ್ಣ ದನಿಗೆ ಅಷ್ಟು ದೊಡ್ಡ ರೇಟು ಹೆಂಗೆ ಬಂತೋ ಯಪ್ಪಾ?"

ಸಾಹುಕಾರರು ಗದ್ದಿಗೆಯಿಂದ ಎದ್ದು ಬಂದರು. "ಇನ್ನು ಮುಂದೆ ನೀನೇ ಹಾಲೇಶಿ. ಕೂಗಬ್ಯಾಡ, ಹಿಂಗೇ ನಿಂತ್ಕೊ." ರಾಶಿ ಜೋಡಿಸುವುದಕ್ಕೆ, ರೈತರ ಸರದಿ ನೋಡುವುದಕ್ಕೆ ಒಂದು ಗಟ್ಟಿ ಗಂಟಲು ಪಕ್ಕಕ್ಕೆ ಬೇಕೇ ಬೇಕು ಎಂದು ನಾನು ಅಂದೆ. ಅಂಜಿನಪ್ಪನನ್ನೂ ಕಾಯಂ ಮಾಡಿದರು. ಅವನು ಬೀಗರಿಗೆ ಹೇಳುವುದಕ್ಕೆ ಆಗಲೇ ಓಡಿದ, ರೈಲ್ವೆ ಗೇಟಿನ ತನಕ ಕೇಳುವ ಹಾಗೆ ನಗುತ್ತ.

ಒಂದು ವಿಷಯ ಮಾತ್ರ ಮನಸ್ಸಿಗೆ ಹತ್ತುತ್ತಿಲ್ಲ. ಈ ಏಜೆಂಟರು ಗದ್ದದಲ್ಲಿ ಸನ್ನೆ ಮಾಡಿ ದರ ಹಿಡಿಯುವ ಆಟವನ್ನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಆಡಿದ್ದಿಲ್ಲ. ನಾನಿಲ್ಲದ ಆರು ವಾರದಲ್ಲಿ ಕಲಿತಿದ್ದಾರೆ ಕಳ್ಳರು.